ಪಿಡಿಎಫ್‌ಗೂ ಆಟದ ಪುಸ್ತಕಕ್ಕೂ 6 ಇಂಚಿನ ಇ-ರೀಡರ್ ಸಾಕಾ?

ಕೆಲಸದ ಪಿಡಿಎಫ್‌ಗಳನ್ನೂ ರೋಲ್ ಪ್ಲೇಯಿಂಗ್ ಆಟದ (ಗುಂಪಾಗಿ ಕೂತು ಪಾತ್ರ ವಹಿಸಿ ಆಡುವ ಆಟ) ನಿಯಮ ಪುಸ್ತಕಗಳನ್ನೂ ಓದಲು 6 ಇಂಚಿನ ಇ-ರೀಡರ್ ಸಾಕಾ ಅಂತ ಕೇಳಿದ್ದೀರಿ. ಖಂಡಿತ ಸಾಲದು. ಕಾದಂಬರಿ ಓದಲು ಅದು ತುಂಬಾ ಚೆನ್ನಾಗಿರುತ್ತದೆ. ಇಪಬ್ ಎಂಬ ಇ-ಪುಸ್ತಕದ ಫೈಲ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಪಿಡಿಎಫ್ ಹಾಗಲ್ಲ, ಅದರ ಪುಟದ ಅಳತೆ ಬದಲಾಗುವುದಿಲ್ಲ. ಎ4 ಪುಟ 6 ಇಂಚಿನ ಪರದೆಗೆ ಬಂದರೆ ಅರ್ಧಕ್ಕಿಂತ ಚಿಕ್ಕದಾಗುತ್ತದೆ. ಆಟದ ಪುಸ್ತಕದಲ್ಲಿ ಎರಡು ಕಾಲಂ, ಸಣ್ಣ ಅಕ್ಷರದ ಕೋಷ್ಟಕ, ಹಿನ್ನೆಲೆ ಚಿತ್ರ ಬೇರೆ. ಪ್ರತಿ ಪುಟವನ್ನೂ ಜೂಮ್ ಮಾಡಿ ಸರಿಸುತ್ತಾ ಕೂತರೆ ಓದುವ ಖುಷಿಯೇ ಹೋಗುತ್ತದೆ ಅಲ್ವಾ?

10.3 ಇಂಚಿನ ಪರದೆಯಲ್ಲಿ ಅದೇ ಪುಟ ಸುಮಾರು ಶೇ 70ರ ಅಳತೆಗೆ ಬರುತ್ತದೆ. ಅಂಚಿನ ಖಾಲಿ ಜಾಗ ಕತ್ತರಿಸಿದರೆ ಇನ್ನೂ ಆರಾಮ. ಕೋರೀಡರ್ ಎಂಬ ಉಚಿತ ಆ್ಯಪ್ ಈ ಕೆಲಸ ಚೆನ್ನಾಗಿ ಮಾಡುತ್ತದೆ. 13.3 ಇಂಚಿನದು ಹೆಚ್ಚುಕಡಿಮೆ ಎ4ನಷ್ಟೇ ದೊಡ್ಡದು, ಬೆಲೆ ಮಾತ್ರ ಜಾಸ್ತಿ.

ಬಣ್ಣಕ್ಕಾಗಿ ಇ-ಇಂಕ್ (ಇ-ರೀಡರ್‌ಗಳಲ್ಲಿರುವ ಕಾಗದದಂಥ ಪರದೆ) ಕೊಳ್ಳಬೇಡಿ. ಕಲೈಡೊ 3 ಎಂಬ ಬಣ್ಣದ ಇ-ಇಂಕ್ ಪರದೆಯಲ್ಲಿ ಕಪ್ಪು-ಬಿಳುಪು 300 ಪಿಪಿಐ (ಒಂದು ಇಂಚಿನಲ್ಲಿರುವ ಚುಕ್ಕಿಗಳ ಸಂಖ್ಯೆ) ಇದ್ದರೂ ಬಣ್ಣ 150 ಮಾತ್ರ. ನಕ್ಷೆಗಳು ಮಂಕಾಗಿ ಕಾಣುತ್ತವೆ.

ಆಟ ಆಡುವಾಗಲೇ ಪುಸ್ತಕ ತೆರೆಯುತ್ತೀರಾ? ಹಾಗಿದ್ದರೆ ನಾನು ಟ್ಯಾಬ್ಲೆಟ್ ತಗೊಳ್ಳಿ ಅಂತಲೇ ಹೇಳುತ್ತೇನೆ. ನಿಯಮ ಹುಡುಕಲು 40ನೇ ಪುಟದಿಂದ 212ಕ್ಕೆ ಹಾರಬೇಕು, ಮತ್ತೆ ವಾಪಸ್ ಬರಬೇಕು. ಇ-ಇಂಕ್ ಅಲ್ಲಿ ನಿಧಾನ, ಉಳಿದವರು ಸುಮ್ನೆ ಕಾಯಬೇಕಾಗುತ್ತದೆ. ಗಂಟೆಗಟ್ಟಲೆ ಕೂತು ಓದುವುದೇ ಜಾಸ್ತಿ ಎಂದಾದರೆ ಮಾತ್ರ 10.3 ಇಂಚಿನ ಇ-ರೀಡರ್.

ದುಡ್ಡು ಕೊಡುವ ಮೊದಲು ನಿಮ್ಮ ಪುಸ್ತಕದ ಅತಿ ಇಕ್ಕಟ್ಟಾದ ಪುಟವನ್ನು ಶೇ 70ರ ಅಳತೆಯಲ್ಲಿ ಪ್ರಿಂಟ್ ತೆಗೆದು ಓದಿ ನೋಡಿ. ಕಣ್ಣಿಗೆ ಕಷ್ಟವಾದರೆ ಇನ್ನೂ ದೊಡ್ಡದೇ ಬೇಕು.