ಬಳ್ಳಾರಿ, ಕೊಪ್ಪಳ ಕಡೆ ಸುತ್ತಾಡೋಕೆ ಮೂರು ಸಾವಿರದೊಳಗೆ ಯಾವ ವಾಟರ್‌ಪ್ರೂಫ್ ಟೆಂಟ್ ತಗೋಬೇಕು?

ಗಂಡ, ಹೆಂಡತಿ, ಆರು ವರ್ಷದ ಮಗ. ಮೊದಲ ಟೆಂಟ್. ನಾಲ್ಕು ಜನರದ್ದು, ವಾಟರ್‌ಪ್ರೂಫ್ ಆಗಿರಬೇಕು, ಸಂಡೂರು, ಸಾಣಾಪುರ ಕಡೆ ವರ್ಷಕ್ಕೆ ಎರಡು ಮೂರು ಸಲ ಹೋಗಬೇಕು ಅಂತ ಬರೆದಿದ್ದೀರಿ. ಆರು ವರ್ಷದ ಹಿಂದೆ ನಾನು ಮೊಬೈಲ್ ಹಿಡಿದು ಹುಡುಕಿದ್ದೂ ಇದನ್ನೇ. ನಿಮಗೆ ಮಗ, ನನಗೆ ಮಗಳು. ಅಷ್ಟೇ ವ್ಯತ್ಯಾಸ.

ನಾನು ಗಂಗಾವತಿಯವನು, ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಸಾಣಾಪುರ ಕೆರೆಯ ಹತ್ತಿರ ಹೊರಗಿನಿಂದ ಬಂದವರು ಟೆಂಟ್ ಹಾಕಿದ್ದನ್ನು ನೋಡಿ ಮಗಳು ಹಟ ಹಿಡಿದಳು. ಊರ ಪಕ್ಕದ ಜಾಗ. ದೂರದವರು ಬಂದು ಮಲಗಿ ಹೋಗುತ್ತಾರೆ, ನಾವು ಯಾಕೆ ಹೋಗಬಾರದು ಅಂತ ನನಗೂ ಅನಿಸಿತು. ಅವತ್ತೇ ರಾತ್ರಿ ಮೊಬೈಲಿನಲ್ಲಿ 'ನಾಲ್ಕು ಜನ, ವಾಟರ್‌ಪ್ರೂಫ್, ಕಡಿಮೆ ಬೆಲೆ' ಅಂತ ಹುಡುಕಿದೆ. ಒಂದು ಟೆಂಟ್ ಸಿಕ್ಕಿತು. ಅದೇ ಬೆಲೆಯ ಬೇರೆಯವುಗಳಿಗಿಂತ ಉದ್ದ, ಒಳಗೆ ಜಾಗ ಜಾಸ್ತಿ. ಎತ್ತಿನ ಬಂಡಿಗೆ ಕಟ್ಟುವ ಕಮಾನಿನ ಹಾಗೆ ಸಾಲಾಗಿ ಮೂರು ಕೋಲು, ಮೇಲೆ ಬಟ್ಟೆ. ತಗೊಂಡೆ.

ಇಲ್ಲೇ ತಪ್ಪಾಗಿದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಅಂಗಡಿಯವರೂ ಇದನ್ನು ಹೇಳುವುದಿಲ್ಲ, ಟೆಂಟಿನ ಡಬ್ಬದ ಮೇಲೂ ಬರೆದಿರುವುದಿಲ್ಲ.

ಸಾಲು ಕಮಾನಿನ ಟೆಂಟ್ ತಾನಾಗಿ ನಿಲ್ಲುವುದಿಲ್ಲ. ಮುಂದೊಂದು, ಹಿಂದೊಂದು ಗೂಟ ಹೊಡೆದು ಎರಡೂ ಕಡೆಯಿಂದ ಬಿಗಿಯಾಗಿ ಎಳೆದರೆ ಮಾತ್ರ ಕಮಾನುಗಳು ಎದ್ದು ನಿಲ್ಲುತ್ತವೆ. ಒಂದು ಕಡೆಯ ಎಳೆತ ಸಡಿಲವಾದರೆ ಮೂರೂ ಕಮಾನು ಒಂದರ ಮೇಲೊಂದು ಮಲಗಿಬಿಡುತ್ತವೆ. ಅಂದರೆ ಆ ಟೆಂಟಿನ ಪೂರ್ತಿ ಜೀವ ಗೂಟದಲ್ಲಿದೆ, ಗೂಟದ ಜೀವ ನೆಲದಲ್ಲಿದೆ. ನಾನು ಟೆಂಟ್ ನೋಡಿದೆ, ಬೆಲೆ ನೋಡಿದೆ, ನೆಲ ನೋಡಲಿಲ್ಲ.

ಮನೆಯಲ್ಲಿ ಒಮ್ಮೆ ಹಾಕಿ ನೋಡಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ನಾನು ನೋಡಿದ್ದೆ. ಹಿತ್ತಲಲ್ಲಿ, ಬಚ್ಚಲ ನೀರು ಹರಿದು ಮೆತ್ತಗಾದ ಮಣ್ಣಿನಲ್ಲಿ. ಗೂಟಗಳು ಕೈಯಲ್ಲಿ ಒತ್ತಿದರೇ ಇಳಿದವು. ಟೆಂಟ್ ಚೆನ್ನಾಗಿ ನಿಂತಿತು, ಮಗಳು ಒಳಗೆ ಹೊಕ್ಕು ಮಧ್ಯಾಹ್ನ ಪೂರ್ತಿ ಹೊರಗೆ ಬರಲಿಲ್ಲ. ಆ ಹಿತ್ತಲೇ ನನಗೆ ಸುಳ್ಳು ಧೈರ್ಯ ಕೊಟ್ಟಿತು.

ಡಿಸೆಂಬರಿನಲ್ಲಿ ಆನೆಗೊಂದಿ ಹತ್ತಿರ ಗೆಳೆಯನ ಹೊಲಕ್ಕೆ ಹೋದೆವು. ಭತ್ತ ಕೊಯ್ದ ಗದ್ದೆ ಇನ್ನೂ ಹಸಿ ಇತ್ತು. ಅದಕ್ಕೆ ಅವರ ತಂದೆ, ನಾವು ಕಾಕಾ ಅಂತಲೇ ಕರೆಯುತ್ತೇವೆ, ಭತ್ತ ಒಣಗಿಸುವ ಹಾಸುಬಂಡೆ ತೋರಿಸಿದರು. ಸಮತಟ್ಟು, ಒಣ ನೆಲ, ಎದುರಿಗೆ ಅಂಜನಾದ್ರಿ ಬೆಟ್ಟ. ಅದಕ್ಕಿಂತ ಒಳ್ಳೆ ಜಾಗ ಇಲ್ಲ ಅನಿಸಿತು. ಮೊದಲ ಗೂಟ ಇಟ್ಟು ಕಲ್ಲಿನಿಂದ ಕುಟ್ಟಿದೆ, ಬಾಗಿತು. ಎರಡನೆಯದೂ ಬಾಗಿತು. ಬಂಡೆಯ ಬಿರುಕು ಹುಡುಕಿ ತುರುಕಿದೆ, ಎಳೆದ ಕೂಡಲೇ ಕಿತ್ತು ಬಂತು. ಕೊನೆಗೆ ತೆಂಗಿನಕಾಯಿ ಗಾತ್ರದ ಕಲ್ಲುಗಳಿಗೆ ಹಗ್ಗ ಸುತ್ತಿ ಎಳೆದು ನಿಲ್ಲಿಸಿದೆ. ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದೆವು.

ನಡುರಾತ್ರಿ ಹೊಳೆ ಕಡೆಯಿಂದ ಗಾಳಿ ಎದ್ದಿತು. ಹಿಂದಿನ ಕಲ್ಲು ಜಾರಿತು. ಇಡೀ ಟೆಂಟ್ ನಮ್ಮ ಮೈಮೇಲೆ ಬಿತ್ತು. ಕತ್ತಲಲ್ಲಿ ಬಾಗಿಲಿನ ಜಿಪ್ ಸಿಗಲಿಲ್ಲ. ನಾನು ಎದ್ದು ಕೂತು ತಲೆಯಿಂದ ಬಟ್ಟೆ ಎತ್ತಲು ಹೋದೆ, ಒಂದು ಕೋಲು ಚಟ್ ಅಂತ ಸೀಳಿತು. ಮಗಳು ಗಾಬರಿಯಾಗಿ ಅದನ್ನೇ ಹಿಡಿದುಕೊಂಡಳು. ಅಗ್ಗದ ಟೆಂಟಿನ ಕೋಲು ಫೈಬರ್‌ಗ್ಲಾಸಿನದ್ದು. ಅದು ಸೀಳಿದರೆ ಕೂದಲಿನಷ್ಟು ಸಣ್ಣ ಸೂಜಿಗಳು ಏಳುತ್ತವೆ. ಅಂಗೈ ತುಂಬ ಚುಚ್ಚಿಕೊಂಡವು. ನನ್ನ ಹೆಂಡತಿ ಟಾರ್ಚ್ ಬೆಳಕಿನಲ್ಲಿ ಚಿಮುಟದಿಂದ ಒಂದೊಂದೇ ತೆಗೆದಳು. ಉಳಿದದ್ದನ್ನು ಬೆಳಿಗ್ಗೆ ಡಾಕ್ಟರ್ ತೆಗೆದರು.

ಅಳು ಕೇಳಿ ಕಾಕಾ ಎದ್ದು ಬಂದರು. "ಬಂಡಿಗಲ್ಲಿಗೆ ಗೂಟ ಇಳೀತೈತೇನೋ ತಮ್ಮಾ? ಬರ್ರಿ, ಟ್ರಾಲ್ಯಾಗ ಮಲಗ್ರಿ" ಅಂದರು. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ತಾಡಪತ್ರಿ ಕಟ್ಟಿಕೊಟ್ಟರು. ಬೆಳಗಿನ ತನಕ ಒಂದು ಹನಿ ಮಳೆ ಬೀಳಲಿಲ್ಲ. ಆಮೇಲೆ ಎರಡು ವರ್ಷ ಮಗಳು ಟೆಂಟ್ ಅನ್ನೋ ಮಾತೇ ಎತ್ತಲಿಲ್ಲ. ಆ ಎರಡು ವರ್ಷವೇ ನನಗೆ ಆದ ನಷ್ಟ. ದುಡ್ಡಿನ ಲೆಕ್ಕ ನಾನು ಇಟ್ಟಿಲ್ಲ.

ಆದ್ದರಿಂದ ಯಾವ ಟೆಂಟ್ ಚೆನ್ನಾಗಿ ವಾಟರ್‌ಪ್ರೂಫ್ ಅನ್ನುವ ನಿಮ್ಮ ಪ್ರಶ್ನೆಯೇ ನಮ್ಮ ಕಡೆಗೆ ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಅದು 7000 ದಾಟುತ್ತದೆ. ಆ ಟೆಂಟ್ ಬೇರೆ, ಈ ಟೆಂಟ್ ಬೇರೆ. ನಮ್ಮಲ್ಲಿ ಮಳೆ ಜೋರು ಹಿಡಿಯುವುದು ಸೆಪ್ಟೆಂಬರ್ ಆಸುಪಾಸು. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹೋದರೆ ಬಹುತೇಕ ಇಬ್ಬನಿ ಅಷ್ಟೇ. ಡಬ್ಬದ ಮೇಲೆ 1500, 2000 ಅಂತ ಬರೆದಿರುತ್ತದಲ್ಲ, ಬಟ್ಟೆ ಎಷ್ಟು ಮಿಲಿಮೀಟರ್ ಎತ್ತರದ ನೀರಿನ ಭಾರ ತಡೆದ ಮೇಲೆ ಸೋರುತ್ತದೆ ಅನ್ನುವ ಲೆಕ್ಕ ಅದು. ನಮಗೆ 1500 ಸಾಕು. 3000 ಮಿಲಿಮೀಟರ್ ಅಂತ ಬರೆದ ಟೆಂಟಿಗೆ ಹೆಚ್ಚು ದುಡ್ಡು ಸುರಿಯಬೇಡಿ. ಎರಡು ಬಟ್ಟೆ ಕೂಡುವ ಹೊಲಿಗೆಯ ಮೇಲೆ ಒಳಗಡೆ ಟೇಪ್ ಅಂಟಿಸಿದ್ದಾರಾ ನೋಡಿ. ನೀರು ಮೊದಲು ನುಗ್ಗುವುದು ಅಲ್ಲಿಂದ.

ನೆಲದ ವಿಷಯಕ್ಕೆ ಬನ್ನಿ. ಆನೆಗೊಂದಿ, ಸಾಣಾಪುರದಲ್ಲಿ ಹಾಸುಬಂಡೆ, ಗೂಟ ಇಳಿಯುವುದಿಲ್ಲ. ಹೊಳೆದಂಡೆಯಲ್ಲಿ ಮರಳು, ಇಳಿಯುತ್ತದೆ ಆದರೆ ನಿಲ್ಲುವುದಿಲ್ಲ. ನಿಮ್ಮ ಬಳ್ಳಾರಿ, ಆಚೆ ಸಿಂಧನೂರು ಕಡೆ ಎರೆಮಣ್ಣು. ಒಣಗಿದಾಗ ಬಿರುಕು ಬಿಟ್ಟು ಗಟ್ಟಿ, ನೆನೆದಾಗ ಬೆಣ್ಣೆ, ಗೂಟ ಹಾಗೇ ಜಾರಿ ಬರುತ್ತದೆ. ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಕೆಂಪು ಗರಸು, ಹಾರೆಯೇ ಬೇಕು. ಟೆಂಟಿನ ಜೊತೆ ಕೊಡುವ ಸಣ್ಣ ತಂತಿ ಗೂಟ ಈ ನಾಲ್ಕರಲ್ಲಿ ಯಾವುದಕ್ಕೂ ಆಗಿಬರುವುದಿಲ್ಲ.

ಹಾಗಾಗಿ ಎರಡು ಕೋಲು ಅಡ್ಡಡ್ಡ ಹಾಯ್ದು ನೆತ್ತಿಯ ಮೇಲೆ ಕೂಡುವ ಡೋಮ್ ಟೆಂಟನ್ನೇ ತಗೊಳ್ಳಿ. ಗೂಟ ಇಲ್ಲದೆಯೂ ಬುಟ್ಟಿ ಬೋರಲು ಹಾಕಿದ ಹಾಗೆ ನಿಲ್ಲುತ್ತದೆ. ಜಾಗ ಸರಿ ಇಲ್ಲ ಅನಿಸಿದರೆ ಇಬ್ಬರು ಎತ್ತಿ ಪಕ್ಕಕ್ಕಿಡಬಹುದು. ಬ್ರ್ಯಾಂಡ್ ಕೇಳಿದ್ದೀರಿ. ಡೆಕಾಥ್ಲಾನ್ ಅನ್ನುವ ಆಟದ ಸಾಮಾನಿನ ಅಂಗಡಿಯ ಕೆಚುವಾ ಬ್ರ್ಯಾಂಡಿನಲ್ಲಿ ಇಂಥ ಸಾದಾ ಡೋಮ್‌ಗಳಿವೆ, ಬೇರೆಯವರದ್ದೂ ಇವೆ, ನಿಮ್ಮ ಮೂರು ಸಾವಿರದೊಳಗೆ ಸಿಗುತ್ತದಾ ಅಂತ ಬೆಲೆ ನೋಡಿಕೊಳ್ಳಿ. ನನಗೆ ಬ್ರ್ಯಾಂಡಿಗಿಂತ ಒಂದು ಪರೀಕ್ಷೆಯ ಮೇಲೆ ನಂಬಿಕೆ. ಅಂಗಡಿಯ ಟೈಲ್ಸ್ ನೆಲದ ಮೇಲೆ ನಿಲ್ಲಿಸಿ ತೋರಿಸಿ ಅನ್ನಿ. ಟೈಲ್ಸ್ ಮೇಲೆ ನಿಂತದ್ದು ಹಾಸುಬಂಡೆಯ ಮೇಲೂ ನಿಲ್ಲುತ್ತದೆ. ಆನ್‌ಲೈನಿನಲ್ಲಿ ತರಿಸಿದರೆ ಹಿತ್ತಲಲ್ಲಿ ಹಾಕಬೇಡಿ, ಮಾಳಿಗೆ ಮೇಲೆ ಹಾಕಿ ನೋಡಿ. ಬೀಳುತ್ತಾ? ವಾಪಸ್ ಕಳಿಸಿ.

ತಾನಾಗಿ ನಿಂತಿತು ಅಂತ ಹಾಗೇ ಬಿಡಬಾರದು. ಖಾಲಿ ಡೋಮನ್ನು ಗಾಳಿ ಉರುಳಿಸಿಕೊಂಡು ಹೋಗುತ್ತದೆ. ಮೂಲೆಯ ಹಗ್ಗವನ್ನು ನೇರವಾಗಿ ಕಲ್ಲಿಗೆ ಸುತ್ತಬೇಡಿ, ಒರಟು ಕಲ್ಲು ಉಜ್ಜಿ ಉಜ್ಜಿ ಹಗ್ಗ ಕತ್ತರಿಸುತ್ತದೆ. ಹಗ್ಗದ ಕುಣಿಕೆಗೆ ಗೇಣುದ್ದದ ಒಂದು ಗಟ್ಟಿ ಕಟ್ಟಿಗೆ ತೂರಿಸಿ ನೆಲಕ್ಕೆ ಮಲಗಿಸಿ. ಅದರ ಮುಂದೆ, ಟೆಂಟಿನ ಕಡೆಗೆ, ಹಗ್ಗದ ಮೇಲೆ ಎರಡೂ ಕೈಯಲ್ಲಿ ಎತ್ತುವಂಥ ದೊಡ್ಡ ಕಲ್ಲು ಇಡಿ, ಕಲ್ಲಿನ ಕೆಳಗೆ ಹಳೇ ಬಟ್ಟೆ. ಗಾಳಿ ಎಳೆದಷ್ಟೂ ಕಟ್ಟಿಗೆ ಕಲ್ಲಿಗೆ ಒತ್ತಿ ಹಿಡಿಯುತ್ತದೆ. ಅವತ್ತು ಇದೊಂದು ಗೊತ್ತಿದ್ದಿದ್ದರೆ ನನ್ನ ಆ ಟೆಂಟೂ ಬೀಳುತ್ತಿರಲಿಲ್ಲವೇನೋ.

ಒಳಗಿನ ಗೂಡು ಬಲೆ ಬಟ್ಟೆಯದ್ದಾಗಿ, ಮೇಲಿನ ಹೊದಿಕೆ ಬೇರೆಯಾಗಿರಲಿ. ಮಳೆ ಇಲ್ಲದ ರಾತ್ರಿ ಹೊದಿಕೆ ತೆಗೆದಿಟ್ಟು ಬಲೆಯಲ್ಲೇ ಮಲಗಬಹುದು. ಒಂದೇ ಪದರದ್ದಾದರೆ ಚಳಿಗಾಲದಲ್ಲಿ ನಮ್ಮ ಉಸಿರೇ ಒಳಗೆ ನೀರಾಗಿ ಇಳಿಯುತ್ತದೆ, ಬೆಳಿಗ್ಗೆ ಎದ್ದವರು ಟೆಂಟ್ ಸೋರಿತು ಅನ್ನುತ್ತಾರೆ. ನಾಲ್ಕು ಜನರದ್ದು ಅಂತ ನೀವು ಹೇಳಿದ್ದು ಮಾತ್ರ ಸರಿ. ಕಂಪನಿಯವರ ಲೆಕ್ಕದಲ್ಲಿ ಒಬ್ಬರಿಗೆ ಹೆಚ್ಚುಕಡಿಮೆ 60 ಸೆಂಟಿಮೀಟರ್ ಅಗಲ. ಮೂವರು ಬ್ಯಾಗ್ ಸಮೇತ ಮಲಗೋಕೆ ನಾಲ್ಕರದ್ದೇ ಬೇಕು. ಏಪ್ರಿಲ್, ಮೇನಲ್ಲಿ ಹೋಗಲೇಬೇಡಿ. ಹಗಲೆಲ್ಲ 40 ಡಿಗ್ರಿ ಕುಡಿದ ಬಂಡೆ ರಾತ್ರಿಯೂ ಕಾವು ಬಿಡುತ್ತಿರುತ್ತದೆ.

ಜಾಗದ ಬಗ್ಗೆ ಒಂದು ಮಾತು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಸಂಡೂರಿನ ಕಾಡಿನಲ್ಲಿ ಉಳಿಯಬೇಡಿ. ದರೋಜಿ ಸುತ್ತ ಕರಡಿ, ಆನೆಗೊಂದಿ ಗುಡ್ಡಗಳಲ್ಲಿ ಚಿರತೆ ಓಡಾಡುತ್ತವೆ. ಗೊತ್ತಿರುವವರ ಹೊಲ, ತೋಟ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಒಂದು ಮನೆ. ಚಿಕ್ಕ ಮಗುವಿನ ಜೊತೆ ಹೋಗೋದಾದರೆ ನಾನು ಇಷ್ಟನ್ನು ಬಿಟ್ಟುಕೊಡುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಹಗ್ಗ ಕಟ್ಟುವುದು ಮಗಳ ಕೆಲಸ. ಹನ್ನೆರಡು ವರ್ಷ ಅವಳಿಗೆ, ಯಾವ ಕಲ್ಲು ಎಲ್ಲಿಗೆ ಅಂತ ಅವಳೇ ಹೇಳುತ್ತಾಳೆ. ನಿಮ್ಮ ಮಗನಿಗೂ ಕಲ್ಲು ಹುಡುಕುವ ಕೆಲಸ ಕೊಡಿ, ಖುಷಿಯಿಂದ ಮಾಡುತ್ತಾನೆ. ಆದರೆ ಕೈ ಹಾಕುವ ಮೊದಲು ಕೋಲಿನಿಂದ ಕಲ್ಲು ಹೊರಳಿಸಿ ನೋಡೋಕೆ ಕಲಿಸಿ. ಕೆಳಗೆ ಚೇಳು ಇರುತ್ತವೆ. ಬೆಳಿಗ್ಗೆ ಬೂಟು ಹಾಕುವ ಮುಂಚೆಯೂ ಒಮ್ಮೆ ಕೊಡವಲಿ.