ಗ್ಯಾರೇಜು ಕಟ್ಟೆ: ಕನ್ನಡಿ ಕ್ಯಾಬಿನ್ನಿಗಾ, ಬಾಡಿಗಾ?

ಪ್ರಶ್ನೆ: ಮೇಸ್ತ್ರಿಗಳೇ, ನಮಸ್ಕಾರ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಬೊಲೆರೊ ಪಿಕಪ್ ತೊಗೊಂಡೆ. ಟೊಮೆಟೊ ಕಾಲದಲ್ಲಿ ಕೋಲಾರ ಮಂಡಿಗೆ, ಮಾವಿನ ಕಾಲದಲ್ಲಿ ನಮ್ಮೂರ ಮಂಡಿಗೆ ಓಡಿಸುತ್ತೇನೆ. ಹಳೆ ಓನರ್ರು ಹಿಂದೆ ಲೋಡು ಹೇರುವ ಬಾಡಿಯ ಎರಡೂ ಕಡೆ ಕಬ್ಬಿಣದ ಜಾಲರಿ ಕಟ್ಟಿಸಿದ್ದಾರೆ, ಅದು ಹೊರಗೆ ಚಾಚಿಕೊಂಡಿದೆ. ಕನ್ನಡಿ ನೋಡಿದರೆ ಅರ್ಧ ನನ್ನ ಬಾಡಿಯೇ ಕಾಣುತ್ತದೆ. ಮೊನ್ನೆ ಎಡಗಡೆಯಿಂದ ನುಗ್ಗಿದ ಬೈಕು ಕಾಣಲೇ ಇಲ್ಲ, ಸ್ವಲ್ಪದರಲ್ಲಿ ತಪ್ಪಿತು. ಮೆಕ್ಯಾನಿಕ್ಕು ಲಾರಿ ಕನ್ನಡಿ ಹಾಕ್ಸಿ ಅಂತಾನೆ. ಮಗ ಸ್ವಿಚ್ಚಲ್ಲಿ ತಿರುಗೋದು ಹಾಕ್ಸಪ್ಪಾ ಅಂತಾನೆ. ಭಾವಮೈದ ದುಂಡು ಕನ್ನಡಿ ಅಂಟಿಸಿದರೆ ಸಾಕು ಅಂತಾನೆ. ಯಾರ ಮಾತು ಕೇಳಲಿ?
– ಒಬ್ಬ ಓದುಗರು, ಶ್ರೀನಿವಾಸಪುರ

ಉತ್ತರ: ಭಾವಮೈದನ ಮಾತು ಅಗ್ಗ, ಮಗನ ಮಾತು ದುಬಾರಿ, ಮೆಕ್ಯಾನಿಕ್ಕಿನ ಮಾತು ಅರ್ಧ ಸರಿ. ಆದರೆ ಮೂವರೂ ಅಂಗಡಿಗೆ ಓಡುವುದರಲ್ಲೇ ಇದ್ದಾರೆ. ಗಾಡಿ ಸುತ್ತ ಒಂದು ಸಲ ಯಾರೂ ನಡೆದಿಲ್ಲ.

ಕಂಪನಿಯವರು ಕನ್ನಡಿ ಕೊಟ್ಟಿದ್ದು ಅವರು ಮಾಡಿದ ಬಾಡಿಯ ಅಗಲಕ್ಕೆ. ಆಮೇಲೆ ಜಾಲರಿ ಬಂತು, ಅದರ ಮೇಲೆ ಟಾರ್ಪಾಲು ಬಂತು, ಟಾರ್ಪಾಲಿನ ಹೊಟ್ಟೆ ಬೇರೆ ಉಬ್ಬಿಕೊಂಡಿತು. ಬಾಡಿ ದಪ್ಪಗಾಯಿತು, ಕನ್ನಡಿ ಇದ್ದಲ್ಲೇ ಇದೆ. ಇನ್ನೇನು ಕಾಣುತ್ತದೆ ಹೇಳಿ?

ಮೊದಲು ಒಂದು ಕೆಲಸ ಮಾಡಿ. ದುಡ್ಡು ಖರ್ಚಿಲ್ಲ. ಮಂಡಿಗೆ ಹೊರಡುವ ದಿನ ಲೋಡು ಹೇರಿ, ಟಾರ್ಪಾಲು ಕಟ್ಟಿ, ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ನೀವು ದಿನಾ ಕೂರುವ ಹಾಗೇ ಸೀಟಿನಲ್ಲಿ ಕೂರಿ. ಮುಂದೆ ಬಗ್ಗಬೇಡಿ, ಕತ್ತು ಚಾಚಬೇಡಿ. ಮಗನ ಕೈಗೆ ಸುಣ್ಣದ ಡಬ್ಬ ಕೊಟ್ಟು ಎಡಗಡೆ ಹಿಂದಿನ ಚಕ್ರದ ಪಕ್ಕ ನಿಲ್ಲಿಸಿ. ಅವನು ನಿಧಾನಕ್ಕೆ ಹೊರಗೆ ಒಂದು ಹೆಜ್ಜೆ, ಹಿಂದೆ ಒಂದು ಹೆಜ್ಜೆ ಇಡುತ್ತಾ ಹೋಗಲಿ. ಕನ್ನಡಿಯಲ್ಲಿ ಅವನು ಮಾಯವಾದ ಕಡೆಯೆಲ್ಲ "ಇಲ್ಲ" ಅಂತ ಕೂಗಿ. ಅಲ್ಲಿ ಅವನು ಒಂದು ಚುಕ್ಕೆ ಹಾಕಲಿ. ಕೊನೆಗೆ ಇಳಿದು ಬಂದು ನೋಡಿ. ನನ್ನ ಗ್ಯಾರೇಜಿನ ಮುಂದೆ ಈ ಆಟ ಆಡಿಸಿದ ಒಬ್ಬ ಡ್ರೈವರ್ರು ಆ ಚುಕ್ಕೆಗಳ ಮಧ್ಯೆ ತನ್ನ ಬೈಕನ್ನೇ ತಂದು ನಿಲ್ಲಿಸಿದ. ಬೈಕಿನ ಪಕ್ಕ ಇನ್ನೊಂದು ಬೈಕಿಗೆ ಜಾಗ ಇತ್ತು. ಆತ ಬಹಳ ಹೊತ್ತು ಮಾತೇ ಆಡಲಿಲ್ಲ.

ಲೋಡು ಹೇರಿಯೇ ನೋಡಿ ಅಂದೆ, ಕಾರಣ ಇದೆ. 15 ಕೆಜಿಯ ಟೊಮೆಟೊ ಕ್ರೇಟು ಸಾಲಾಗಿ ಬಿದ್ದ ಮೇಲೆ ಹಿಂದಿನ ಸ್ಪ್ರಿಂಗು ಕೂರುತ್ತದೆ, ಮೂತಿ ಮೇಲೇಳುತ್ತದೆ. ಆಗ ಕನ್ನಡಿ ರಸ್ತೆಯನ್ನೇ ಜಾಸ್ತಿ ತೋರಿಸುತ್ತದೆ. ದೂರದಿಂದ ಬರುವ ಗಾಡಿ ಕನ್ನಡಿಯ ಮೇಲಿನ ಅಂಚಿಗೆ ಹೋಗಿ ಕೂರುತ್ತದೆ. ಖಾಲಿ ಗಾಡಿಯಲ್ಲಿ ಮಾಡಿದ ಸೆಟ್ಟಿಂಗು ಲೋಡಿಗೆ ಬರುವುದಿಲ್ಲ.

ಈಗ ಗಾಜಿನ ವಿಷಯ. ಇಲ್ಲಿ ನನ್ನದೇ ಒಂದು ಕತೆ ಹೇಳಬೇಕು. ಗ್ಯಾರೇಜು ಹಾಕುವ ಮುಂಚೆ ನಾನೂ ತುಮಕೂರಿನಿಂದ ಬೆಂಗಳೂರಿಗೆ ತರಕಾರಿ ಹೊಡೆಯುತ್ತಿದ್ದೆ. ಒಂದು ಸಲ ಎಡಗನ್ನಡಿ ಹುಣಸೆ ಕೊಂಬೆಗೆ ತಗುಲಿ ಒಡೆಯಿತು. ಒಬ್ಬ ಗಾಜಿನ ಅಂಗಡಿಯವನು ಮನೆಯಲ್ಲಿ ಹಾಕುವ ಕನ್ನಡಿಯನ್ನೇ ಅಳತೆಗೆ ಕತ್ತರಿಸಿ, ಎರಡು ಕಡೆ ಅಂಟುವ ಟೇಪು ಹಾಕಿ ಹತ್ತು ನಿಮಿಷದಲ್ಲಿ ಕೂರಿಸಿಕೊಟ್ಟ. ನನಗೋ ಖುಷಿ. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ ಹಿಂದಿನ ಬಸ್ಸಿನ ಬೋರ್ಡು ದೊಡ್ಡದಾಗಿ ಹತ್ತಿರ ಬಂದಿತ್ತು. ಮೂರನೇ ದಿನ ಕ್ಯಾತ್ಸಂದ್ರದ ಹತ್ತಿರ ಎಡಕ್ಕೆ ತೊಗೊಂಡೆ. ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು ನನ್ನ ಗಾಡಿಯ ಪಕ್ಕಕ್ಕೆ ತಗುಲಿತು. ಹುಡುಗನ ಮೊಣಕೈ ತರಚಿತು, ಅಷ್ಟಕ್ಕೇ ಉಳಿದುಕೊಂಡ. ಹಾಲೆಲ್ಲ ರಸ್ತೆಗೆ. ಹಾಲಿನ ದುಡ್ಡು, ನಗ್ಗಿದ ಕ್ಯಾನಿನ ದುಡ್ಡು ಕೊಟ್ಟು, ಆ ಕನ್ನಡಿ ಕಿತ್ತು ಮನೆಗೆ ತಂದೆ. ಈಗಲೂ ಬಚ್ಚಲ ಹತ್ತಿರ ಇದೆ. ಗಡ್ಡ ಹೆರೆದುಕೊಳ್ಳಲು ಬಹಳ ಚೆನ್ನಾಗಿದೆ.

ಆಗಿದ್ದು ಇಷ್ಟು. ಕಂಪನಿ ಗಾಜು ಸ್ವಲ್ಪ ಉಬ್ಬಾಗಿರುತ್ತದೆ. ಉಬ್ಬು ಗಾಜು ಎಲ್ಲವನ್ನೂ ಚಿಕ್ಕದು ಮಾಡಿ ತೋರಿಸುತ್ತದೆ, ಅದಕ್ಕೇ ಜಾಸ್ತಿ ಜಾಗ ಹಿಡಿಸುತ್ತದೆ. ಚಪ್ಪಟೆ ಗಾಜು ಇದ್ದಷ್ಟೇ ದೊಡ್ಡದಾಗಿ ತೋರಿಸುತ್ತದೆ, ಜಾಗ ಕಡಿಮೆ ಹಿಡಿಸುತ್ತದೆ. ನಮ್ಮ ದೇಶದಲ್ಲಿ ಸ್ಟೇರಿಂಗು ಬಲಕ್ಕೆ, ಬೈಕಿನವರು ನುಗ್ಗುವುದು ಎಡಕ್ಕೆ. ಎಡದಲ್ಲಿ ಚಪ್ಪಟೆ ಗಾಜು ಹಾಕಿದರೆ ಆ ಕಡೆ ಕಣ್ಣು ಮುಚ್ಚಿಕೊಂಡ ಹಾಗೆ.

ಅಂಗಡಿಯಲ್ಲಿ ಗುರುತಿಸುವುದು ಸುಲಭ. ಒಂದು ಸ್ಟೀಲ್ ಸ್ಕೇಲು ತೊಗೊಂಡು ಹೋಗಿ. ಅದರ ಅಂಚನ್ನು ಗಾಜಿನ ಮೇಲೆ ಅಡ್ಡ ಇಡಿ. ಚಪ್ಪಟೆ ಗಾಜಾದರೆ ಸ್ಕೇಲು ಅಂಟಿಕೊಂಡ ಹಾಗೆ ಕೂರುತ್ತದೆ. ಉಬ್ಬು ಗಾಜಾದರೆ ನಡುವೆ ಮಾತ್ರ ತಾಗಿ ತೊಟ್ಟಿಲಿನ ಹಾಗೆ ತೂಗುತ್ತದೆ. ಹಾಗೇ ಅಂಗಡಿಯ ಟ್ಯೂಬ್‌ಲೈಟನ್ನು ಗಾಜಿನಲ್ಲಿ ಹಿಡಿದು ನಿಧಾನಕ್ಕೆ ಅಲ್ಲಾಡಿಸಿ. ದೀಪ ಹಾವಿನ ಹಾಗೆ ಡೊಂಕುಡೊಂಕಾಗಿ ಓಡಿದರೆ ಆ ಗಾಜು ಬೇಡ. ರಾತ್ರಿ ಹೊತ್ತು ಹಿಂದಿನ ಗಾಡಿ ಎಷ್ಟು ದೂರ ಇದೆ ಅಂತಲೇ ಗೊತ್ತಾಗುವುದಿಲ್ಲ.

ಉಬ್ಬು ಗಾಜಿಗೂ ಒಂದು ಮೋಸ ಇದೆ. ಬಾಗು 1200 ಮಿ.ಮೀ. ತ್ರಿಜ್ಯದ್ದು ಅಂತ ಇಟ್ಟುಕೊಳ್ಳಿ. ಹತ್ತು ಮೀಟರ್ ಹಿಂದಿರುವ ಬೈಕು ಬಲಗನ್ನಡಿಯಲ್ಲಿ ಚಪ್ಪಟೆ ಗಾಜಿನಲ್ಲಿ ಕಾಣುವುದರ ಅರ್ಧದಷ್ಟು ಗಾತ್ರಕ್ಕೆ ಕಾಣುತ್ತದೆ. ಎಡಗನ್ನಡಿಯಲ್ಲಿ ಮೂರನೇ ಒಂದು ಭಾಗ. ಗಾಜು ಎರಡೂ ಒಂದೇ, ಆದರೆ ಎಡದ್ದು ನಿಮ್ಮ ಕಣ್ಣಿಗೆ ದೂರ. "ಎಡಗಡೆ ಬೈಕು ಇನ್ನೂ ದೂರ ಇತ್ತು ಸಾರ್, ಹೇಗೋ ಬಂದುಬಿಟ್ಟ" ಅಂತ ಎಲ್ಲರೂ ಹೇಳುವುದು ಇದಕ್ಕೇ. ಅವನು ದೂರ ಇರಲೇ ಇಲ್ಲ.

ಆನ್‌ಲೈನಿನಲ್ಲಿ ಅಮೆರಿಕದ ಪಿಕಪ್‌ಗಳ ಆನೆಕಿವಿ ಕನ್ನಡಿ ನೋಡಿ ನಿಮ್ಮ ಮಗ ಆಸೆ ಪಟ್ಟಿದ್ದರೆ ಅದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಡ್ರೈವರ್ ಎಡಕ್ಕೆ ಕೂರುತ್ತಾನೆ. ಡ್ರೈವರ್ ಕಡೆ ಚಪ್ಪಟೆ ಗಾಜೇ ಇರಬೇಕು ಅಂತ ಅಲ್ಲಿ ನಿಯಮ. ಉಬ್ಬು ಗಾಜು ಇರುವುದು ಪಕ್ಕದ ಸೀಟಿನ ಕಡೆ, ಕಾಣುವುದಕ್ಕಿಂತ ಹತ್ತಿರ ಇದೆ ಅನ್ನುವ ಎಚ್ಚರಿಕೆ ಸಾಲಿನ ಜೊತೆ. ಅದನ್ನು ತಂದು ನಮ್ಮ ಗಾಡಿಗೆ ಹಾಕಿದರೆ ಚಪ್ಪಟೆ ಗಾಜು ಸರಿಯಾಗಿ ನಮ್ಮ ಎಡಕ್ಕೇ ಬರುತ್ತದೆ. ನನ್ನ ಬಚ್ಚಲ ಕನ್ನಡಿ ಕತೆಯೇ.

ಹಾಗಾದರೆ ಏನು ಹಾಕಿಸಬೇಕು? ನಿಮ್ಮ ಗಾಡಿಗೆ ಬೇಕಿರುವುದು ದೊಡ್ಡ ಗಾಜಲ್ಲ, ಕನ್ನಡಿಯನ್ನು ಹೊರಗೆ ಚಾಚಿ ಹಿಡಿಯುವ ಉದ್ದದ ತೋಳು. ಕ್ಯಾಬಿನ್ನಿನ ಬಾಗಿಲಿಗೆ ಅಂಟಿಕೊಂಡ ಕನ್ನಡಿ ಎಷ್ಟೇ ದೊಡ್ಡದಿರಲಿ, ಜಾಲರಿ ಅಡ್ಡ ಇದ್ದರೆ ಜಾಲರಿಯನ್ನೇ ದೊಡ್ಡದಾಗಿ ತೋರಿಸುತ್ತದೆ. ಟಾರ್ಪಾಲಿನ ಹೊಟ್ಟೆ ಸೇರಿಸಿ ಬಾಡಿಯ ಅಗಲ ಅಳೆಯಿರಿ. ಕನ್ನಡಿ ಅದರಿಂದ ಹೊರಗೆ ಇಣುಕಬೇಕು. ಒಂದು ಗೇಣಿಗಿಂತ ಜಾಸ್ತಿ ಬೇಡ. ಜಾಸ್ತಿ ಚಾಚಿದರೆ ನಿಮ್ಮೂರ ಸಂತೆ ಬೀದಿಯಲ್ಲಿ ಜನರ ತಲೆಗೇ ಅದು ತಾಗುವುದು. ಮೇಲೆ ಒಂದು, ಕೆಳಗೆ ಒಂದು, ಎರಡು ಕಡೆ ಹಿಡಿದ ತೋಳು ತೊಗೊಳ್ಳಿ. ಒಂದೇ ಕಡೆ ಹಿಡಿದ ಉದ್ದ ತೋಳು ಡೀಸೆಲ್ ಇಂಜಿನ್ನಿಗೆ ಗಡಗಡ ನಡುಗುತ್ತದೆ, ಹಿಂದೆ ಒಂದು ಬೈಕು ಬಂದರೆ ಮೂರು ಕಾಣುತ್ತದೆ. ಏನಾದರೂ ತಗುಲಿದರೆ ಮಡಚಿಕೊಳ್ಳುವ ತೋಳೇ ಇರಲಿ. ಕಬ್ಬಿಣದ ಪಟ್ಟಿ ವೆಲ್ಡಿಂಗ್ ಮಾಡಿಸಿ ಕೂರಿಸುವವರೂ ಇದ್ದಾರೆ, ಅದು ಗುದ್ದಿದರೆ ಮಡಚುವುದಿಲ್ಲ. ಗುದ್ದಿಸಿಕೊಂಡವನೇ ಮಡಚಿಕೊಳ್ಳುತ್ತಾನೆ.

ಬೆಂಗಳೂರಿಗೆ ಹೋದರೆ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ನೋಡಿ. ಗಾಡಿಯ ಮಾಡೆಲ್ಲು, ವರ್ಷ ಬರೆದುಕೊಂಡು ಹೋಗಿ, ಒಡೆದದ್ದು ಇದ್ದರೆ ಅದನ್ನೂ ಹಿಡಿದುಕೊಂಡು ಹೋಗಿ. ಎಡದ್ದು ಬಲಕ್ಕೆ ಬರುವುದಿಲ್ಲ, ಅಂಗಡಿ ಹುಡುಗ ಅವಸರದಲ್ಲಿ ಕೊಟ್ಟುಬಿಡುತ್ತಾನೆ.

ಬಾಗಿಲಿಗೆ ನಟ್ಟಿನಲ್ಲಿ ಕೂರುವ ಕನ್ನಡಿಯಾದರೆ ಕೆಲಸ ನೀವೇ ಮಾಡಬಹುದು. ಒಳಗಡೆಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ನಟ್ಟು ಕಾಣುತ್ತದೆ. ಸಾಮಾನ್ಯವಾಗಿ 10ರ ಪಾನ ಸಾಕು. ಕೊನೆಯ ನಟ್ಟು ಬಿಚ್ಚುವಾಗ ಹೊರಗಿನಿಂದ ಒಬ್ಬರು ಕನ್ನಡಿ ಹಿಡಿದಿರಲಿ. ಬಾಗಿಲ ಸಂದಿಗೆ ಒಂದು ಬಟ್ಟೆ ತುರುಕಿ, ಇಲ್ಲದಿದ್ದರೆ ನಟ್ಟು ಬಾಗಿಲ ಹೊಟ್ಟೆಗೆ ಬಿದ್ದು ಗಾಡಿ ಇರುವವರೆಗೂ ಗಲಗಲ ಅನ್ನುತ್ತದೆ. ಹಳೆ ಕನ್ನಡಿಯ ಕೆಳಗಿನ ರಬ್ಬರು ಗಟ್ಟಿಯಾಗಿದ್ದರೆ ಹೊಸದು ಹಾಕಿ. ಇಲ್ಲದಿದ್ದರೆ ಮೊದಲ ಮಳೆಗೇ ನೀರು ಒಳಗೆ ಇಳಿಯುತ್ತದೆ. ನಟ್ಟನ್ನು ಒಂದೇ ಸಲ ಪೂರ್ತಿ ಬಿಗಿಯಬೇಡಿ, ಮೂರನ್ನೂ ಸ್ವಲ್ಪಸ್ವಲ್ಪ ಬಿಗಿಯುತ್ತಾ ಬನ್ನಿ.

ಇನ್ನು ಸೆಟ್ಟಿಂಗು. ಕಾರಿನವರು ಸ್ವಂತ ಗಾಡಿ ಕಾಣದ ಹಾಗೆ ಕನ್ನಡಿಯನ್ನು ಹೊರಗೆ ತಿರುಗಿಸಿ ಇಡುತ್ತಾರೆ. ಅವರಿಗೆ ಒಳಗಿನ ಕನ್ನಡಿ ಇದೆ. ನಿಮಗೆ ಒಳಗಿನ ಕನ್ನಡಿಯಲ್ಲಿ ಕ್ರೇಟು ಬಿಟ್ಟರೆ ಏನು ಕಾಣುತ್ತದೆ? ಅದಕ್ಕೇ ಒಳ ಅಂಚಿನಲ್ಲಿ ಒಂದು ಬೆರಳಗಲ ನಿಮ್ಮ ಬಾಡಿ ಕಾಣಲಿ, ಬೈಕು ಬಾಡಿಯಿಂದ ಎಷ್ಟು ದೂರ ಅನ್ನುವುದಕ್ಕೆ ಒಂದು ಗುರುತು ಬೇಕು. ಎಡಗನ್ನಡಿಯನ್ನು ಸ್ವಲ್ಪ ಕೆಳಗೆ ಬಾಗಿಸಿ, ಹಿಂದಿನ ಚಕ್ರ ನೆಲ ಮುಟ್ಟುವ ಜಾಗ ಕೆಳ ಅಂಚಿನಲ್ಲಿ ಕಾಣಲಿ.

ಇಷ್ಟಾದ ಮೇಲೆ ಭಾವಮೈದನ ಮಾತು ಕೇಳಿ. ದುಂಡು ಕನ್ನಡಿ ಇನ್ನೂರು ರೂಪಾಯಿ ಒಳಗೆ ಬರುತ್ತದೆ. ಎಡಗನ್ನಡಿಯ ಒಳಗಡೆ ಕೆಳ ಮೂಲೆಗೆ ಅಂಟಿಸಿ. ಅಲ್ಲಿ ಹೇಗೂ ನಿಮ್ಮ ಬಾಡಿಯೇ ಕಾಣುತ್ತಿತ್ತು, ನಷ್ಟವಿಲ್ಲ. ಅದನ್ನು ಹೊರಗಡೆಗೆ ತಿರುಗಿಸಿಡಿ. ಅದರಲ್ಲಿ ದೂರ ಅಳೆಯಲು ಹೋಗಬೇಡಿ. ಏನೋ ಅಲ್ಲಾಡಿತು ಅಂತ ಗೊತ್ತಾದರೆ ಸಾಕು, ತಿರುಗಿ ನೋಡಿ.

ಮಗನ ಸ್ವಿಚ್ಚಿನ ಕನ್ನಡಿಗೆ ಬಾಗಿಲೊಳಗೆ ವೈರು ಎಳೆಯಬೇಕು, ಮೋಟಾರು ಬೇಕು. ಒಂದೇ ಡ್ರೈವರ್ ಓಡಿಸುವ ಗಾಡಿಗೆ ಸುಮ್ನೆ ಖರ್ಚು. ಆ ದುಡ್ಡಿಗೆ ಅವನ ಕೈಯಲ್ಲೇ ಒಂದು ರಿವರ್ಸ್ ಕ್ಯಾಮೆರಾ ಹಾಕಿಸಿ. ಅವನಿಗೂ ಸಮಾಧಾನ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆ ಜಾಲರಿ ಆರ್‌ಸಿಯಲ್ಲಿರುವ ಅಳತೆಗಿಂತ ಹೊರಗಿದ್ದರೆ ತಕರಾರು ಕನ್ನಡಿಯದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಇಷ್ಟ ಬಂದ ಹಾಗೆ ಬದಲಾಯಿಸುವ ಹಾಗಿಲ್ಲ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆ. ಅಲ್ಲಿ ಜಾಲರಿಯನ್ನೂ ನೋಡುತ್ತಾರೆ, ಕನ್ನಡಿಯನ್ನೂ ನೋಡುತ್ತಾರೆ. ಜಾಲರಿಯನ್ನು ಮೂರು ಇಂಚು ಒಳಗೆ ತೊಗೊಂಡರೆ ಬಹುಶಃ ನಿಮಗೆ ಹೊಸ ತೋಳೇ ಬೇಕಾಗುವುದಿಲ್ಲ. ಮೊದಲು ಬಾಡಿ ಕಟ್ಟುವವರ ಹತ್ತಿರ ಹೋಗಿ, ಆಮೇಲೆ ಕನ್ನಡಿ ಅಂಗಡಿಗೆ.

ಪ್ರಶ್ನೆ: ಹಾಲಿನ ವ್ಯಾನು ನಾನೇ ಓಡಿಸುತ್ತೇನೆ. ಮಳೆಗಾಲದಲ್ಲಿ ಬೆಳಗಿನ ಜಾವ ಕನ್ನಡಿ ತುಂಬಾ ಹನಿ. ಏನು ಮಾಡಲಿ?
– ಒಬ್ಬ ಓದುಗಿ, ಸಾಗರ

ಉತ್ತರ: ನಿಮ್ಮ ಕಡೆ ಮಳೆಗೆ ಔಷಧಿ ಇಲ್ಲ ತಾಯಿ. ನೀರು ನಿಲ್ಲದ ಪಾರದರ್ಶಕ ಪೊರೆ ಸಿಗುತ್ತದೆ, ಗಾಜಿಗೆ ಅಂಟಿಸುವುದು. ಹೊಸದರಲ್ಲಿ ಚೆನ್ನಾಗಿರುತ್ತದೆ, ದಿನಾ ಒರೆಸಿ ಒರೆಸಿ ಮಬ್ಬಾಗುತ್ತದೆ. ಹಸಿ ಆಲೂಗಡ್ಡೆ ಹೋಳು ಉಜ್ಜುವವರಿದ್ದಾರೆ, ನಾನೂ ಉಜ್ಜಿದ್ದೇನೆ, ಜೋರು ಮಳೆಗೆ ಬೇಗ ತೊಳೆದುಹೋಗುತ್ತದೆ. ಬಾಗಿಲ ಜೇಬಿನಲ್ಲಿ ಒಂದು ಹಳೇ ಕಾಟನ್ ಬಟ್ಟೆ ಇಟ್ಟುಕೊಳ್ಳಿ. ಹಾಲು ಇಳಿಸುವ ಪ್ರತಿ ಸ್ಟಾಪಿನಲ್ಲಿ ಎರಡೂ ಕನ್ನಡಿ ಒರೆಸಿ. ಪಕ್ಕದ ಕಿಟಕಿ ಗಾಜಿನ ಒಳಗನ್ನೂ ಒರೆಸಿ. ಕನ್ನಡಿ ಶುಭ್ರ ಇದ್ದು ಕಿಟಕಿ ಮಂಜು ಹಿಡಿದಿರುವುದೇ ಜಾಸ್ತಿ.

ಪ್ರಶ್ನೆ: ನಮ್ಮ ಓಣಿ ಬಹಳ ಸಣ್ಣದು. ಎಡಗನ್ನಡಿ ತೆಗೆದೇ ಇಟ್ಟರೆ ಹೇಗೆ?
– ಒಬ್ಬ ಓದುಗರು, ಬಾಗಲಕೋಟೆ

ಉತ್ತರ: ಓಣಿಯಲ್ಲಿ ಮಡಚಿ, ಹೊರಗೆ ಬಂದು ಬಿಚ್ಚಿ. ತೆಗೆದಿಡಬೇಡಿ.

ಪ್ರಶ್ನೆ: ಹೊಸ ಗಾಡಿಯ ಕನ್ನಡಿಗೆ ದೃಷ್ಟಿಗೆ ಅಂತ ಕಪ್ಪು ಕುಚ್ಚು ಕಟ್ಟಿದ್ದೇವೆ. ತಪ್ಪಾ?
– ಒಬ್ಬ ಓದುಗರು, ಗುಬ್ಬಿ

ಉತ್ತರ: ಕಟ್ಟುವುದು ತಪ್ಪಲ್ಲ, ಜಾಗ ತಪ್ಪು. ಅರವತ್ತರಲ್ಲಿ ಹೋಗುವಾಗ ಆ ಕುಚ್ಚು ಗಾಳಿಗೆ ಎದ್ದು ಗಾಜಿಗೆ ಬಡಿಯುತ್ತದೆ, ಅರ್ಧ ಕನ್ನಡಿ ಮುಚ್ಚುತ್ತದೆ. ಬಿಚ್ಚಿ ಮುಂದಿನ ಬಂಪರಿಗೆ ಕಟ್ಟಿ. ನಂಬರ್ ಪ್ಲೇಟಿಗೆ ಅಡ್ಡ ಬಾರದ ಹಾಗೆ.