ಎಳ್ಳ ಅಮಾವಾಸ್ಯೆಗೆ ಬಂದು ಹೋದವರ ಪ್ರಶ್ನೆ: ಊರಿಗೆ ವಾಪಸ್ ಬರಬೇಕೋ, ಬೇಡವೋ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
ಉತ್ತರಿಸುವವರು: ಕಲಬುರಗಿಯ ಕುಟುಂಬ ಆಪ್ತಸಮಾಲೋಚಕಿ

ಪ್ರಶ್ನೆ: ಮೇಡಂ, ನಮ್ಮದು ಕಲಬುರಗಿ. ನಾನು ಹನ್ನೆರಡು ವರ್ಷದಿಂದ ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಎಚ್-1ಬಿ ವೀಸಾ, ಗ್ರೀನ್ ಕಾರ್ಡ್ ಸಾಲಿನಲ್ಲಿದೆ. ಹೆಂಡತಿ ಬೀದರ್‌ನವಳು. ಮಗಳಿಗೆ ಒಂಬತ್ತು ವರ್ಷ, ಅಲ್ಲೇ ಹುಟ್ಟಿದವಳು. ಈ ಸಲ ಎಳ್ಳ ಅಮಾವಾಸ್ಯೆಗೆ ಊರಿಗೆ ಬಂದಿದ್ದೆವು. ಹೊಲದಲ್ಲಿ ಎಲ್ಲರೂ ಕೂತು ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡೆವು. ಅಪ್ಪ ಹೊಲದ ಸುತ್ತ ನೈವೇದ್ಯದ ಚರಗ ಚೆಲ್ಲಲು ಹೋದವರು ಅರ್ಧಕ್ಕೇ ಬದುವಿನ ಮೇಲೆ ಕೂತುಬಿಟ್ಟರು, ಏದುಸಿರು ಬರುತ್ತಿತ್ತು. ಬುಟ್ಟಿ ನನ್ನ ಕೈಗೆ ಕೊಟ್ಟು 'ಇನ್ನ ಮ್ಯಾಲ ನೀನೇ ಮಾಡಪಾ' ಅಂದರು. ವಾಪಸ್ ಬಂದಾಗಿನಿಂದ ರಾತ್ರಿ ನಿದ್ದೆ ಬರುತ್ತಿಲ್ಲ. ಇಲ್ಲಿ ಯಾವುದೂ ನನ್ನದು ಅನ್ನಿಸುತ್ತಿಲ್ಲ. ರಾಜೀನಾಮೆ ಬರೆದು ಇಟ್ಟಿದ್ದೇನೆ, ಕಳಿಸಲು ಕೈ ಬರುತ್ತಿಲ್ಲ. ಕಳಿಸಿಬಿಡಲೇ?

ಉತ್ತರ: ಸದ್ಯಕ್ಕೆ ಕಳಿಸಬೇಡಿ. ವಾಪಸ್ ಬರಬೇಡಿ ಅಂತ ಹೇಳುತ್ತಿಲ್ಲ. ಬಂದು ಚೆನ್ನಾಗಿ ನೆಲೆ ನಿಂತವರು ನನಗೆ ಗೊತ್ತು, ವರ್ಷ ತುಂಬುವುದರೊಳಗೆ ಮತ್ತೆ ಗಂಟುಮೂಟೆ ಕಟ್ಟಿದವರೂ ಗೊತ್ತು. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯ ಒಂದಕ್ಕೊಂದು ಸುತ್ತಿಕೊಂಡಿವೆ. ಮೊದಲು ಅವನ್ನು ಬಿಡಿಸೋಣ.

ನೀವು ಊರಿನ ನೆನಪು ಅಂತ ಬರೆದಿದ್ದೀರಿ. ನನಗೆ ಜಾಸ್ತಿ ಕಂಡದ್ದು ಅಪ್ಪನ ಬಗ್ಗೆ ಇರುವ ಭಯ. ಪ್ರತಿ ವರ್ಷ ಹೊಲ ಸುತ್ತುತ್ತಿದ್ದ ಮನುಷ್ಯ ನಡುವೆ ಕೂತರೆ ವಯಸ್ಸಾಯಿತು ಅಂತ ಸುಮ್ಮನೆ ಬಿಡುವ ಹಾಗಿಲ್ಲ. ಅದು ನಿಮ್ಮ ರಾಜೀನಾಮೆಗಾಗಲಿ ವಿಮಾನದ ಟಿಕೆಟ್‌ಗಾಗಲಿ ಕಾಯುವ ವಿಷಯವಲ್ಲ. ಈ ವಾರವೇ ಯಾರಾದರೂ ಅವರನ್ನು ಹೃದಯದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲಿ, ಇಸಿಜಿ, ಎಕೋ ಆಗಲಿ. ಮೊದಲು ನಮ್ಮ ಕಡೆ ಎದೆ ನೋವು ಅಂದರೆ ಸೊಲ್ಲಾಪುರ, ಇಲ್ಲವಾದರೆ ಹೈದರಾಬಾದ್. ಈಗ ಊರಲ್ಲೇ ಜಯದೇವ ಆಸ್ಪತ್ರೆ ಇದೆ. 371 ಹಾಸಿಗೆಯ ಅದರ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಶುರುವಾಗಿದೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಅಪ್ಪನ ಗುಳಿಗೆ ಡಬ್ಬಿಯನ್ನು ಕ್ಯಾಮೆರಾ ಮುಂದೆ ಸುರಿಯಲು ಹೇಳಿ. ನಾನು ಮನೆಗಳಿಗೆ ಹೋದಾಗ ಮೊದಲು ಕೇಳುವುದೇ ಆ ಡಬ್ಬಿ. ಹಳೇ ಬಿಸ್ಕತ್ ಡಬ್ಬಿಯೋ ಸ್ಟೀಲ್ ಡಬ್ಬಿಯೋ ಇರುತ್ತದೆ, ಒಳಗೆ ಕತ್ತರಿಯಲ್ಲಿ ತುಂಡು ಮಾಡಿದ ಸ್ಟ್ರಿಪ್‌ಗಳು. ಹೆಸರು ಒಂದು ತುಂಡಿನಲ್ಲಿ, ದಿನಾಂಕ ಇನ್ನೊಂದರಲ್ಲಿ. ಬಿಪಿ ಗುಳಿಗೆ ಎರಡು ಕಂಪನಿಯದ್ದು ಇರುತ್ತದೆ, ಎರಡೂ ಒಂದೇ ಔಷಧಿ ಅಂತ ಯಾರಿಗೂ ಗೊತ್ತಿರುವುದಿಲ್ಲ. ದಿನಾ ಎರಡೂ ನುಂಗುತ್ತಿರುತ್ತಾರೆ, ಇಲ್ಲವೇ ಎರಡೂ ಬಿಟ್ಟಿರುತ್ತಾರೆ. ಇದನ್ನು ಡಲ್ಲಾಸ್‌ನಲ್ಲಿ ಕೂತೇ ನೋಡಬಹುದು. ಕಂಡದ್ದನ್ನು ಬರೆದುಕೊಂಡು ಡಾಕ್ಟರ್‌ಗೆ ತೋರಿಸಲು ಹೇಳಿ, ನೀವಾಗಿ ಏನೂ ನಿಲ್ಲಿಸಬೇಡಿ. ಇಷ್ಟು ಆಗಲಿ. ಭಯ ಸ್ವಲ್ಪ ಇಳಿದ ಮೇಲೂ ಊರಿಗೆ ಬರಬೇಕು ಅನ್ನಿಸಿದರೆ ಆ ಆಸೆ ಗಟ್ಟಿ. ಆಗ ಮುಂದಿನದನ್ನು ಯೋಚಿಸೋಣ.

ನಿಮ್ಮ ಪತ್ರದಲ್ಲಿ ಹೆಂಡತಿ ಬೀದರ್‌ನವರು ಅನ್ನುವುದು ಇದೆ. ಅವರಿಗೆ ಏನು ಬೇಕು ಅನ್ನುವುದು ಒಂದು ಕಡೆಯೂ ಇಲ್ಲ. ಇದನ್ನು ಬೈಯುತ್ತಾ ಹೇಳುತ್ತಿಲ್ಲ, ಕಳಕಳಿಯಿಂದ ಹೇಳುತ್ತಿದ್ದೇನೆ, ಯಾಕೆಂದರೆ ವಾಪಸ್ ಬಂದವರ ಮನೆಯಲ್ಲಿ ಬಿರುಕು ಶುರುವಾಗುವುದೇ ಇಲ್ಲಿಂದ. ನೀವು ಮಗನಾಗಿ ಬರುತ್ತೀರಿ, ಅವರು ಸೊಸೆಯಾಗಿ ಬರುತ್ತಾರೆ. ಹದಿನೈದು ದಿನ ರಜೆಗೆ ಬಂದಾಗ ಸೊಸೆ ಅಂದರೆ ಅತಿಥಿ, ಅಡುಗೆಮನೆಗೆ ಬರಬೇಡ ಅಂತಾರೆ. ಆರು ತಿಂಗಳು ಕಳೆದ ಮೇಲೆ ಬೆಳಗ್ಗೆ ಐದಕ್ಕೆ ಏಳುವುದು, ಬಂದುಹೋಗುವ ನೆಂಟರ ಚಹಾ, ಮಾವನ ಪಥ್ಯದ ಅಡುಗೆ ಎಲ್ಲ ಅವರ ತಲೆಗೇ. ಅಲ್ಲಿ ಅವರಿಗೆ ಒಂದು ನೌಕರಿ, ಒಂದು ಕಾರು, ನಾಲ್ಕು ಗೆಳತಿಯರು ಇರಬಹುದು. ಇಲ್ಲಿ ಅದರಲ್ಲಿ ಏನು ಉಳಿಯುತ್ತದೆ ಅಂತ ಅವರನ್ನೇ ಕೇಳಿ. ಕೇಳಿ ಸುಮ್ಮನೆ ಕೂತು ಕೇಳಿಸಿಕೊಳ್ಳಿ, ನಡುವೆ ಸಮಾಧಾನ ಹೇಳಬೇಡಿ. ಒಂದೇ ಮನೆಯಲ್ಲಿ ಇರುತ್ತೀರೋ, ಅದೇ ಓಣಿಯಲ್ಲಿ ಬೇರೆ ಮನೆ ಮಾಡುತ್ತೀರೋ ಅನ್ನುವುದನ್ನೂ ಈಗಲೇ ಮಾತಾಡಿ. ಬೇರೆ ಮನೆ ಮಾಡಿದರೆ ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ನಾನು ನೋಡಿದ ಮಟ್ಟಿಗೆ ಹತ್ತಿರದ ಬೇರೆ ಮನೆಯೇ ಎರಡೂ ಕಡೆ ನೆಮ್ಮದಿ ಕೊಟ್ಟಿದೆ. ನಿಮ್ಮ ಹೆಂಡತಿಗೂ ಬೀದರ್‌ನಲ್ಲಿ ತಂದೆತಾಯಿ ಇರಬಹುದು, ಅವರಿಗೂ ವಯಸ್ಸಾಗುತ್ತಿದೆ ಅಲ್ವಾ? 2017ರಿಂದ ಬೀದರ್‌ಗೂ ಕಲಬುರಗಿಗೂ ನೇರ ರೈಲು ಮಾರ್ಗ ಇದೆ. ಅದು ಅವರ ತವರಿನ ದಾರಿಯೂ ಹೌದು.

ಇನ್ನು ಊರು ಅಂದರೆ ಯಾವ ಊರು? ಇಲ್ಲಿಯೇ ಎಲ್ಲರೂ ತಡವರಿಸುವುದು. ಕಲಬುರಗಿಗೆ ಬರುತ್ತೇನೆ ಅಂತ ಹೊರಟವರಲ್ಲಿ ಅನೇಕರು ಕಡೆಗೆ ಬೆಂಗಳೂರಿಗೆ ಬಂದು ಇಳಿಯುತ್ತಾರೆ, ಸಾಫ್ಟ್‌ವೇರ್ ಕೆಲಸ ಅಲ್ಲೇ ಇರುವುದರಿಂದ. ಆದರೆ ಬೆಂಗಳೂರಿನಿಂದ ನಮ್ಮೂರಿಗೆ ರೈಲಿನಲ್ಲಿ ಒಂದು ಇಡೀ ರಾತ್ರಿ. 2024ರಿಂದ ವಂದೇ ಭಾರತ್ ಇದೆ ನಿಜ, ಅದಕ್ಕೂ ಅರ್ಧ ದಿನ ಹೋಗುತ್ತದೆ. 2019ರಲ್ಲಿ ಶುರುವಾದ ವಿಮಾನ ನಿಲ್ದಾಣವನ್ನು ನೆಚ್ಚಿಕೊಂಡು ಲೆಕ್ಕ ಹಾಕಬೇಡಿ. ಸಣ್ಣ ಊರುಗಳ ವಿಮಾನ ಇವತ್ತು ಇದ್ದರೆ ನಾಳೆ ಇರುವುದಿಲ್ಲ. ಹೈದರಾಬಾದ್ ಆದರೆ ಕಲಬುರಗಿಯಿಂದ ರಸ್ತೆಯಲ್ಲಿ ಸುಮಾರು 220 ಕಿಲೋಮೀಟರ್, ಬೀದರ್‌ನಿಂದ ಸುಮಾರು 140. ರಾತ್ರಿ ಫೋನ್ ಬಂದರೆ ಬೆಳಕು ಹರಿಯುವ ಮೊದಲೇ ಅಪ್ಪನ ಹತ್ತಿರ ಇರುತ್ತೀರಿ. ಎರಡೂ ಕಡೆಯ ಹಿರಿಯರಿಗೆ ಅದು ಹತ್ತಿರ, ನಿಮ್ಮ ಕೆಲಸವೂ ಅಲ್ಲಿ ಸಿಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಹೈದರಾಬಾದ್ ಕಡೆಗೇ ನೋಡುತ್ತಿದ್ದೆ. ಕನ್ನಡದ ನೆಲ ಅಲ್ಲ ಅನ್ನುವ ಕೊರಗು ಇರಬಹುದು. ಆದರೆ ನಿಮಗೆ ಬೇಕಾಗಿರುವುದು ಅಪ್ಪನ ಜೊತೆ ಕಳೆಯುವ ದಿನಗಳು, ಅವು ಎಲ್ಲಿಂದ ಜಾಸ್ತಿ ಸಿಗುತ್ತವೆ ಅಂತ ಮಾತ್ರ ನೋಡಿ.

ಅಮೆರಿಕದ ಕಂಪನಿಗೇ ಮನೆಯಿಂದ ಕೆಲಸ ಮಾಡುತ್ತೇನೆ ಅನ್ನುವ ಯೋಚನೆ ಇದ್ದರೆ ಗಡಿಯಾರ ನೋಡಿಕೊಳ್ಳಿ. ಡಲ್ಲಾಸ್‌ನಲ್ಲಿ ಬೆಳಗಿನ ಒಂಬತ್ತು ಅಂದರೆ ನಮಗೆ ಚಳಿಗಾಲದಲ್ಲಿ ರಾತ್ರಿ ಎಂಟೂವರೆ, ಬೇಸಿಗೆಯಲ್ಲಿ ಏಳೂವರೆ. ಅಪ್ಪ ಊಟಕ್ಕೆ ಕೂರುವ ಹೊತ್ತಿಗೆ ನೀವು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೀಟಿಂಗ್‌ನಲ್ಲಿ ಇರುತ್ತೀರಿ. ಯಾರಿಗಾಗಿ ಬಂದಿರೋ ಅವರಿಗೇ ನೀವು ಸಿಗುವುದಿಲ್ಲ.

ಒಂದು ಕೆಲಸ ಮಾಡಿ. ಮುಂದಿನ ರಜೆಗೆ ಹಬ್ಬಕ್ಕೆ ಬರಬೇಡಿ, ಶರಣಬಸವೇಶ್ವರ ಜಾತ್ರೆಗೂ ಬೇಡ. ಮೇ ತಿಂಗಳಿಗೆ ಬನ್ನಿ, ಮೂವರೂ ಬನ್ನಿ, ಆದಷ್ಟು ಉದ್ದ ರಜೆ ಹಾಕಿ. ಬಿಸಿಲು 42 ಡಿಗ್ರಿ ದಾಟಿರುತ್ತದೆ, ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಮಧ್ಯಾಹ್ನ ಕರೆಂಟ್ ಹೋಗುತ್ತದೆ, ಬೀದಿಯಲ್ಲಿ ಒಬ್ಬ ಇರುವುದಿಲ್ಲ. ನೆಂಟರು ಬರುವುದಿಲ್ಲ, ಯಾರೂ ಊಟಕ್ಕೆ ಕರೆಯುವುದಿಲ್ಲ. ಬ್ಯಾಂಕಿಗೆ, ತಹಶೀಲ್ದಾರ್ ಕಚೇರಿಗೆ, ಆಸ್ಪತ್ರೆಯ ಸಾಲಿಗೆ ನೀವೇ ಹೋಗಿ. ಸಂಜೆ ಅಂಗಳಕ್ಕೆ ನೀರು ಚಿಮುಕಿಸಿ ಅಪ್ಪನ ಜೊತೆ ಕುರ್ಚಿ ಹಾಕಿಕೊಂಡು ಕೂತು, ಮಾತೆಲ್ಲ ಮುಗಿದ ಮೇಲೂ ಅಲ್ಲೇ ಇರಬೇಕು ಅನ್ನಿಸುತ್ತದಾ ನೋಡಿ. ಅನ್ನಿಸಿದರೆ ಧೈರ್ಯವಾಗಿ ಬನ್ನಿ.

ಮಗಳ ವಿಷಯ. ಒಂಬತ್ತು ವರ್ಷ ಒಳ್ಳೆಯ ವಯಸ್ಸು, ಹದಿಮೂರಕ್ಕೆ ಇದೇ ಕೆಲಸ ಬಹಳ ಕಷ್ಟ. ಕನ್ನಡ ಮಾತಾಡುತ್ತಾಳಾ ಅನ್ನುವುದು ಸಾಲದು, ಓದಲು ಬರುತ್ತದಾ? ಕರ್ನಾಟಕದ ಶಾಲೆಗೆ ಸೇರಿಸುವುದಾದರೆ ಕನ್ನಡ ಓದಿ ಬರೆಯಬೇಕಾಗುತ್ತದೆ, ಈಗಿನಿಂದಲೇ ಅಕ್ಷರ ಶುರು ಮಾಡಿ. ಅವಳು ಅಮೆರಿಕದ ಪ್ರಜೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ಇಲ್ಲಿ ಇರಲು, ಓದಲು ಅಡ್ಡಿ ಇಲ್ಲ. ಆದರೆ 2021ರ ಮಾರ್ಚ್ ಅಧಿಸೂಚನೆಯ ನಂತರ ಕಾರ್ಡ್ ಪಡೆದ ಮಕ್ಕಳಿಗೆ ನೀಟ್, ಜೆಇಇಯಂಥ ಪರೀಕ್ಷೆಗಳಲ್ಲಿ ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟು ಮಾತ್ರ, ಭಾರತೀಯರಿಗೇ ಮೀಸಲಾದ ಸೀಟು ಸಿಗುವುದಿಲ್ಲ. ಕಾರ್ಡ್ ಯಾವಾಗಿನದು ನೋಡಿಕೊಳ್ಳಿ. ಮುಂದೆ ಡಾಕ್ಟರ್ ಆಗಬೇಕು ಅಂದರೆ ಇದು ದೊಡ್ಡ ಮಾತಾಗುತ್ತದೆ.

ಹಣದ್ದು ಬೇಗ ಹೇಳಿಬಿಡುತ್ತೇನೆ, ಉಳಿದದ್ದು ನಿಮ್ಮ ಸಿಎ ಮತ್ತು ವಲಸೆ ವಕೀಲರ ಕೆಲಸ. ಅಷ್ಟು ವರ್ಷ ಹೊರಗಿದ್ದು ಬಂದವರಿಗೆ ಮೊದಲ ಎರಡು-ಮೂರು ವರ್ಷ ಆದಾಯ ತೆರಿಗೆಯಲ್ಲಿ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ) ಅನ್ನುವ ಸ್ಥಾನ ಸಿಗುತ್ತದೆ. ಆ ಅವಧಿಯಲ್ಲಿ ಹೊರದೇಶದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳುವುದಿಲ್ಲ. ಅಲ್ಲಿಯ ಶೇರು, ಉಳಿತಾಯವನ್ನು ಸರಿಪಡಿಸಿಕೊಳ್ಳಲು ಅದೇ ಸಮಯ. ಅಲ್ಲಿಯ ಪಿಂಚಣಿ ವ್ಯವಸ್ಥೆಯಾದ ಸೋಷಿಯಲ್ ಸೆಕ್ಯುರಿಟಿಯಲ್ಲಿ ಪಿಂಚಣಿಗೆ ಬೇಕಾದ 40 ಕ್ರೆಡಿಟ್ ತುಂಬಿದೆಯಾ ನೋಡಿ. ಭಾರತಕ್ಕೂ ಅಮೆರಿಕಕ್ಕೂ ಆ ಬಗ್ಗೆ ಒಪ್ಪಂದ ಇಲ್ಲ, ಅಲ್ಲಿ ಕಡಿಮೆ ಬಿದ್ದದ್ದನ್ನು ಇಲ್ಲಿ ದುಡಿದು ತುಂಬಲು ಆಗುವುದಿಲ್ಲ. ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ಸಾಲಿನಲ್ಲಿರುವ ನಿಮ್ಮ ದಿನಾಂಕ ಸಾಮಾನ್ಯವಾಗಿ ನಿಮಗೇ ಉಳಿಯುತ್ತದೆ. ಅಂದರೆ ಬಂದ ಮೇಲೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಇದು ಗೊತ್ತಿದ್ದರೆ ಆ ರಾಜೀನಾಮೆಯ ಭಾರ ಸ್ವಲ್ಪ ಕಡಿಮೆ ಆಗಬಹುದು.

ಪ್ರಶ್ನೆ: ನಾನು ಹುಮನಾಬಾದ್ ತಾಲ್ಲೂಕಿನವನು. ಸೌದಿಯ ದಮ್ಮಾಮ್‌ನಲ್ಲಿ ಒಂದೇ ಕಂಪನಿಯಲ್ಲಿ ಎಸಿ ಮೆಕ್ಯಾನಿಕ್. ಒಂಬತ್ತು ವರ್ಷ ಎಂಟು ತಿಂಗಳಾಯಿತು. ಮಕ್ಕಳು ನನ್ನನ್ನು ಫೋನಿನಲ್ಲೇ ನೋಡಿ ದೊಡ್ಡವರಾದರು. ಸಾಕಾಗಿದೆ, ಈ ತಿಂಗಳೇ ಕಾಯಂ ವಾಪಸ್ ಹೋಗುವ ಫೈನಲ್ ಎಗ್ಸಿಟ್ ಹೊಡೆಸಿಕೊಂಡು ಬರಬೇಕು ಅಂತಿದ್ದೇನೆ. ನಾನು ಕಳಿಸಿದ ದುಡ್ಡಿನಲ್ಲಿ ಅಣ್ಣ ಆರು ಎಕರೆ ಹೊಲ ತಗೊಂಡಿದ್ದಾನೆ, ಅದು ಅವನ ಹೆಸರಿನಲ್ಲಿದೆ. ಬಂದ ತಕ್ಷಣ ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದಾ?

ಉತ್ತರ: ತಮ್ಮಾ, ಬನ್ನಿ. ಮಕ್ಕಳ ವಿಷಯದಲ್ಲಿ ನಿಮಗೆ ಅನ್ನಿಸಿರುವುದು ಸರಿಯೇ ಇದೆ. ಆದರೆ ಇನ್ನು ನಾಲ್ಕು ತಿಂಗಳು ಹಲ್ಲು ಕಚ್ಚಿ ಇರಿ, ಆರೋಗ್ಯ ಸರಿ ಇದ್ದರೆ. ಸೌದಿ ಕಾರ್ಮಿಕ ಕಾನೂನಿನಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳದಂತೆ, ಕೆಲಸ ಬಿಡುವಾಗ ಹಿಸಾಬ್ ಸಿಗಬೇಕು. ಆದರೆ ನೀವಾಗಿ ಕೆಲಸ ಬಿಟ್ಟರೆ ಐದರಿಂದ ಹತ್ತು ವರ್ಷದೊಳಗೆ ಅದರ ಮೂರನೇ ಎರಡು ಭಾಗ ಮಾತ್ರ. ಹತ್ತು ತುಂಬಿದರೆ ಪೂರ್ತಿ. ಈಗ ಬಿಟ್ಟರೆ ಐದು ತಿಂಗಳ ಸಂಬಳವೂ ಕೈಗೆ ಬರುವುದಿಲ್ಲ, ಹತ್ತು ತುಂಬಿಸಿದರೆ ಏಳೂವರೆ ತಿಂಗಳದ್ದು ಬರುತ್ತದೆ. ನೀವಾಗಿ ಬಿಟ್ಟಾಗ ಕಂಪನಿ ಎರಡು ವಾರದೊಳಗೆ ಲೆಕ್ಕ ಚುಕ್ತಾ ಮಾಡಬೇಕು. ಹಣ ಖಾತೆಗೆ ಬೀಳುವ ಮೊದಲು 'ಎಲ್ಲ ತಲುಪಿದೆ' ಅನ್ನುವ ಕಾಗದಕ್ಕೆ ಸಹಿ ಹಾಕಬೇಡಿ, ವಿಮಾನ ಹತ್ತಬೇಡಿ. ಇಲ್ಲಿ ಬಂದು ಕೂತು ಅಲ್ಲಿಯ ಹಣ ವಸೂಲಿ ಮಾಡುವುದು ತುಂಬಾ ಕಷ್ಟ.

ಹೊಲದ ಮಾತು ಸೂಕ್ಷ್ಮ. ಹೊರದೇಶದಲ್ಲಿ ನೆಲೆಸಿರುವವರು ಇಲ್ಲಿ ಕೃಷಿ ಜಮೀನು ಖರೀದಿ ಮಾಡುವಂತಿಲ್ಲ, ವಿದೇಶಿ ವಿನಿಮಯದ ಫೆಮಾ ಕಾನೂನು ಅದು. ಹಿರಿಯರಿಂದ ಪಾಲಿಗೆ ಬಂದದ್ದು ಇಟ್ಟುಕೊಳ್ಳಬಹುದು. ಅದಕ್ಕೇ ನಮ್ಮ ಕಡೆ ಗಲ್ಫ್ ದುಡ್ಡು ಅಣ್ಣತಮ್ಮಂದಿರ ಹೆಸರಿನಲ್ಲಿ ಹೊಲವಾಗುತ್ತದೆ, ಆಮೇಲೆ ಮನೆ ಒಡೆಯುತ್ತದೆ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದ್ದರೆ ಕಾಗದದ ಮೇಲೆ ಹೊಲ ಅಣ್ಣನದೇ. 'ದುಡ್ಡು ನಂದು' ಅಂತ ಕೋರ್ಟಿಗೆ ಹೋದರೆ ಬೇರೆಯವರ ಹೆಸರಿನಲ್ಲಿ ಆಸ್ತಿ ಮಾಡುವುದನ್ನು ತಡೆಯುವ ಬೇನಾಮಿ ಕಾಯ್ದೆಯೇ ಅಡ್ಡ ಬರಬಹುದು. ಹಾಗಾಗಿ ಫೋನಿನಲ್ಲಿ ಜಗಳ ತೆಗೆಯಬೇಡಿ. ಬ್ಯಾಂಕಿನಿಂದ ಕಳಿಸಿದ ಹಣದ ರಸೀದಿ ಎಲ್ಲ ಒಂದು ಕಡೆ ಜೋಡಿಸಿ ಇಡಿ. ಬಂದು ನೆಲೆಸಿದ ಮೇಲೆ, ಹಿರಿಯರು ಯಾರಾದರೂ ಕೂತಿರುವಾಗ, ಅಣ್ಣ ಇಷ್ಟು ವರ್ಷ ಆ ಹೊಲ ನೋಡಿಕೊಂಡಿದ್ದಾರೆ ಅನ್ನುವುದನ್ನು ಮೊದಲು ಒಪ್ಪಿಕೊಂಡು ಮಾತು ಶುರು ಮಾಡಿ. ಅಣ್ಣ ಮನಸ್ಸು ಮಾಡಿದರೆ ನೋಂದಣಿ ಮೂಲಕ ನಿಮ್ಮ ಹೆಸರಿಗೆ ಹೇಗೆ ತರಬಹುದು ಅಂತ ವಕೀಲರು ಹೇಳುತ್ತಾರೆ. ನಿಮ್ಮ ಹತ್ತಿರ ಹೊರದೇಶದಲ್ಲಿರುವವರಿಗೆ ಕೊಡುವ ಎನ್‌ಆರ್‌ಇ ಖಾತೆ ಇದ್ದರೆ ವಾಪಸ್ ಬಂದಿದ್ದೇನೆ ಅಂತ ಬ್ಯಾಂಕಿಗೆ ತಿಳಿಸಿ ಬದಲಾಯಿಸಿಕೊಳ್ಳಿ.

ಕೆಲಸದ ಚಿಂತೆ ಜಾಸ್ತಿ ಬೇಡ. ನಮ್ಮ ಬಿಸಿಲಿಗೆ ಎಸಿ ಗೊತ್ತಿರುವ ಕೈಗೆ ಫೆಬ್ರವರಿಯಿಂದ ಜೂನ್‌ವರೆಗೆ ಕೆಲಸ ಸಿಗುತ್ತದೆ. ಉಳಿದ ತಿಂಗಳಿಗೆ ಏನು ಅನ್ನುವುದನ್ನು ಈ ನಾಲ್ಕು ತಿಂಗಳಲ್ಲಿ ಹೆಂಡತಿ ಜೊತೆ ಕೂಡಿ ಲೆಕ್ಕ ಹಾಕಿ.

ಪ್ರಶ್ನೆ: ಮಗ ಕೆನಡಾದಲ್ಲಿ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ತಗೊಂಡಿದ್ದಾನೆ. ಫೋನ್ ಮಾಡಿದಾಗೆಲ್ಲ ಬಂದುಬಿಡ್ತೀನಿ ಅವ್ವಾ ಅಂತಾನೆ. ನಾವು ಮೇಲಿನ ಕೋಣೆಗೆ ಬಣ್ಣ ಹೊಡೆಸಿ ಇಟ್ಟಿದ್ದೇವೆ. ಬಾ ಅನ್ನಬೇಕೋ, ಬೇಡ ಅನ್ನಬೇಕೋ ತಿಳಿಯುತ್ತಿಲ್ಲ. ನನಗೆ ಕಣ್ಣಿನ ಪೊರೆ ಆಪರೇಷನ್ ಆದದ್ದನ್ನೂ ಅವನಿಗೆ ಹೇಳಿಲ್ಲ. — ಸುರಪುರದ ತಾಯಿ

ಉತ್ತರ: ಅಮ್ಮಾ, ಬಾ ಅಂತಲೂ ಬೇಡ, ಬೇಡ ಅಂತಲೂ ಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾವು ಆರಾಮ ಇದ್ದೇವೆ ಅಂತ ನೀವು ಮುಚ್ಚಿಟ್ಟರೆ ಅವನು ಅಲ್ಲಿ ಕೂತು ನಿಮ್ಮ ದನಿಯಲ್ಲಿ ಕಾಯಿಲೆ ಹುಡುಕುತ್ತಾ ಇರುತ್ತಾನೆ. ಪಿಆರ್ ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಅಲ್ಲಿ ಇದ್ದರೆ ಸಾಕು. ದಿನಗಳ ಲೆಕ್ಕ ಸರಿ ಇದ್ದರೆ ಒಂದು ವರ್ಷ ಬಂದು ಇದ್ದು ನೋಡಲೂ ಅವನಿಗೆ ದಾರಿ ಇದೆ. ಬಹುಶಃ ಅದು ಅವನಿಗೂ ಗೊತ್ತಿದೆ, ನೀವು ಕೇಳಲಿ ಅಂತ ಕಾಯುತ್ತಿರಬಹುದು. ಈ ಭಾನುವಾರ ಫೋನ್ ಬಂದಾಗ ಆಪರೇಷನ್ ವಿಷಯ ಮೊದಲು ಹೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಆಮೇಲೆ, ಬರುವುದಾದರೆ ಯಾವಾಗ, ಎಷ್ಟು ದಿನಕ್ಕೆ ಅಂತ ನೇರವಾಗಿ ಕೇಳಿ.